ಫ್ರಾನ್ಸಿನ ಅಯ್ಯನಿಗೆ ಒಂದು ಮೊರ ರಾಗಿ

ನಮ್ಮ ಅಡುಗೆಮನೆಯಲ್ಲಿ ಹುಣಿಸೆಹಣ್ಣಿನ ಜಾಡಿಗೂ ಉಪ್ಪಿನ ಮಡಕೆಗೂ ನಡುವೆ ಮೊಬೈಲಿಗೆಂದೇ ಒಂದು ಜಾಗವಿದೆ. ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ಜಾಡಿಗೆ ಒರಗಿಸಿ, ಶಿವಸ್ತುತಿ ಹಾಕಿ, ಮುದ್ದೆಗೆ ಎಸರಿಡುತ್ತೇನೆ. ಸ್ತುತಿ ಮುಗಿಯುವಷ್ಟರಲ್ಲಿ ಎಸರು ಮರಳಿರುತ್ತದೆ, ಗಡಿಯಾರ ನೋಡುವ ಕೆಲಸ ತಪ್ಪುತ್ತದೆ. ಇಂಥ ಸಣ್ಣಪುಟ್ಟ ಅನುಕೂಲಗಳನ್ನೇ ದೇವರ ದಯೆಯೆಂದು ಎಣಿಸಿಕೊಳ್ಳುವ ಹೆಂಗಸು ನಾನು. ದೊಡ್ಡ ದಯೆ ಬರಲೆಂದು ಕಾಯುತ್ತ ಕುಳಿತರೆ ಅಷ್ಟರಲ್ಲಿ ಸಾರು ಸೀದುಹೋಗುತ್ತದೆ.

ಹೀಗೆ ಒಂದು ಸಂಜೆ ಸ್ತುತಿ ಮುಗಿಯಿತು. ನನ್ನ ಎರಡೂ ಕೈ ಹಿಟ್ಟಿನ ಕೋಲಿನ ಮೇಲಿದ್ದವು, ನಿಲ್ಲಿಸಲು ಆಗಲಿಲ್ಲ. ಮೊಬೈಲು ತನ್ನಷ್ಟಕ್ಕೆ ಮುಂದಿನದನ್ನು ಎತ್ತಿಕೊಂಡಿತು: ಒಂದು ಗಿಟಾರು, ಅದರ ಹಿಂದೆಯೇ ವಯಸ್ಸಾದ ಗಂಡಸಿನ ದನಿ, ನನಗೆ ಒಂದಕ್ಷರವೂ ತಿಳಿಯದ ಭಾಷೆ. ಇದು ನಮ್ಮ ಶಿಲ್ಪಳ ಕೆಲಸ. ಮಗಳು ಬಂಡೀಪುರದ ಹತ್ತಿರದ ರೆಸಾರ್ಟೊಂದರಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಹುಲಿ ನೋಡಲು ಬರುವ ಫ್ರಾನ್ಸಿನವರ ಜೊತೆ ನಾಲ್ಕು ಮಾತಾಡಲೆಂದು ಅವರ ಭಾಷೆಯ ಹಾಡು ಕೇಳಿ ಕೇಳಿ ಕಲಿಯುತ್ತಿದ್ದಾಳೆ. ಅವಳ ಫೋನಿಗೂ ನನ್ನ ಫೋನಿಗೂ ಒಂದೇ ಅಕೌಂಟು. ಹಾಗಾಗಿ ಅವಳ ಫ್ರಾನ್ಸೂ ನನ್ನ ಕೈಲಾಸವೂ ಒಂದೇ ಸಾಲಿನಲ್ಲಿ ನಿಂತುಬಿಟ್ಟಿವೆ.

ಆ ಹಾಡು ಕೇಳಿ ನಡುಮನೆಯಲ್ಲಿದ್ದ ನಮ್ಮತ್ತೆ ತಲೆಯೆತ್ತಿದರು.

ಅತ್ತೆಯ ವಿಚಾರ ಹೇಳದೆ ಮುಂದೆ ಹೋಗಲಾರೆ. ಚಂದಕವಾಡಿ ಕಡೆಯಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದವರು; ಈ ಬೀದಿಯ ಯಾವ ಮದುವೆಯಲ್ಲೂ ಸೋಬಾನೆಯ ಮೊದಲ ಸೊಲ್ಲು ಅವರದೇ, ಉಳಿದ ಹೆಂಗಸರದು ಅದಕ್ಕೆ ದನಿಗೂಡಿಸುವ ಕೆಲಸ. ಈಚೆಗೆ ಅವರ ನೆನಪು ಹಿಂದಿನಿಂದ ಬಿಚ್ಚಿದ ಹೊಲಿಗೆಯ ಹಾಗೆ ಸರಸರನೆ ಕಳಚಿಕೊಳ್ಳುತ್ತಿದೆ. ನನ್ನ ಗುರುತು ಉಳಿದಿಲ್ಲ. ತಟ್ಟೆಯಿಟ್ಟರೆ, “ಯಾರ ಮನೆ ಮುದ್ದೆನೋ, ನಂಗ್ ಬ್ಯಾಡ ಕಣಮ್ಮಿ,” ಎಂದು ದೂಡುತ್ತಿದ್ದರು. ಸೀರೆಯೊಳಗೆ ದಿನದಿನಕ್ಕೂ ಮೈ ಚಿಕ್ಕದಾಗುತ್ತಿತ್ತು. ಹೇಗಾದರೂ ಮಾಡಿ ಊಟ ಮಾಡಿಸಿ, ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾರೆ ಎಂದಿದ್ದರು ಡಾಕ್ಟರು.

ಹಳೆಯ ಹಾಡು ಕೇಳಿಸಿದರೆ ಮನಸ್ಸು ಹಿಂದಿರುಗೀತು ಎಂದು ಎಲ್ಲರೂ ಹೇಳಿದರು. ನಾನೂ ನಂಬಿ ಮಾದಪ್ಪನ ಪದಗಳನ್ನು ಹಾಕಿದೆ. ಆದದ್ದೇ ಬೇರೆ. ಅತ್ತೆ ಜೊತೆಗೂಡಿ ಹೇಳಲು ಬಾಯಿ ತೆರೆಯುವರು, ಅರ್ಧಕ್ಕೆ ನಿಲ್ಲುವರು, “ಮುಂದ್ಕೇನು? ಮುಂದ್ಕೇನು?” ಎಂದು ಸುತ್ತ ನೋಡುವರು. ಸಂತೆಯಲ್ಲಿ ಕೈಬಿಟ್ಟುಹೋದ ಮಗುವಿನ ಮುಖ. ಗೊತ್ತಿದ್ದ ಹಾಡೇ ಅವರಿಗೆ ಭಯವಾಗಿತ್ತು.

ಫ್ರಾನ್ಸಿನವರ ಹಾಡಿನಲ್ಲಿ ಆ ಭಯವಿರಲಿಲ್ಲ. ಮುಂದಿನ ಸಾಲು ಅತ್ತೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೆನಪಿಟ್ಟುಕೊಳ್ಳಿ ಎಂದು ಆ ಹಾಡು ಯಾರನ್ನೂ ಕೇಳುತ್ತಿರಲಿಲ್ಲ. ಆ ಸಂಜೆ ಅತ್ತೆ ಗೋಡೆಗೊರಗಿ ಪೂರಾ ಕೇಳಿದರು. ಮುಗಿದದ್ದೇ ತಡ, ಯಜಮಾನಿಯ ದನಿಯಲ್ಲಿ, “ಬಾಗ್ಲಲ್ಲಿ ಪದ ಹೇಳೋ ಅಯ್ಯ ನಿಂತವ್ನೆ, ಕಾಣಕಿಲ್ವಾ? ಮೊರ ತಕ್ಕಂಡ್ ಬಾ!” ಎಂದು ಗದರಿದರು.

ನಮ್ಮ ಕಡೆ ಕಂಸಾಳೆಯವರು ಬಾಗಿಲಿಗೆ ಬಂದು ಪದ ಹೇಳಿದರೆ ಮೊರದಲ್ಲಿ ರಾಗಿ ತಂದು ಅವರ ಜೋಳಿಗೆಗೆ ಹಾಕುವುದು ವಾಡಿಕೆ. ಅವರನ್ನು ಬರಿಗೈಯಲ್ಲಿ ಕಳಿಸಿ ತಾವು ಉಣ್ಣಲು ಕೂರುವುದೆಂದರೆ ಅತ್ತೆಯ ಪಾಲಿಗೆ ಮನೆ ಕೆಟ್ಟಂತೆ. ನಾನು ಮೊರ ಕೊಟ್ಟೆ, ಒಂದು ಪಾತ್ರೆಯನ್ನೂ ಹಿಡಿದೆ. “ಇದ್ಕ್ ಹಾಕಿ ಅತ್ತೆಮ್ಮ, ನಾನು ಕೊಟ್ಬುಟ್ ಬತ್ತೀನಿ.” ಹಾಕಿದರು. ಕೈ ತೊಳೆದರು. ಬಂದು ತಟ್ಟೆಯ ಮುಂದೆ ಕುಳಿತು ಅರ್ಧ ಮುದ್ದೆ ಉಂಡರು! ನಾನು ಒಳಗೆ ಹೋಗಿ ದೇವರ ಮುಂದೆ ನಿಂತು, ಬತ್ತಿಯನ್ನಷ್ಟು ಮೇಲೆತ್ತಿ ಬಂದೆ.

ಮರುದಿನದಿಂದ ಮೊಬೈಲನ್ನು ಜಗಲಿಯ ಮೇಲಿಡತೊಡಗಿದೆ. ದಿನಾ ಹಾಡು, ದಿನಾ ರಾಗಿ, ದಿನಾ ಊಟ. ಕೊಟ್ಟ ಧಾನ್ಯ ತಿರುಗಿ ನಮ್ಮ ಡಬ್ಬಕ್ಕೆ ಬೀಳಬಾರದೆಂದು ಬೇರೆ ಕಟ್ಟಿಟ್ಟು, ಬೆಟ್ಟಕ್ಕೆ ನಡೆದುಹೋಗುವ ಮಾದಪ್ಪನ ಭಕ್ತರ ಅನ್ನದಾನಕ್ಕೆ ಕೊಡುತ್ತೇನೆ. ನಮ್ಮ ಯಜಮಾನರು ನಗುತ್ತಾರೆ: “ಏನಮ್ಮಿ, ನಿನ್ನ ಫ್ರಾನ್ಸ್ ಅಯ್ಯ ಮೂಟೆ ಹೊತ್ಕಂಡ್ ಹೋದ್ನಾ, ಇಲ್ಲಾ ಲಗೇಜ್ ಆಟೋ ತರ್ಸುದ್ನಾ?”

ಆ ಹಾಡುಗಾರರ ಹೆಸರನ್ನು ಶಿಲ್ಪಾ ಹೇಳಿಕೊಟ್ಟಿದ್ದಾಳೆ. ನನ್ನ ನಾಲಗೆಯಲ್ಲಿ ಅದು ಪ್ರತಿಸಲವೂ ಬೇರೆಯಾಗಿ ಬರುತ್ತದೆ. ತಪ್ಪು ಹೆಸರಿನಿಂದ ಹಿರಿಯರನ್ನು ಕರೆಯಬಾರದೆಂದು ಅದನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ದಿನವೂ ನಮ್ಮ ಬಾಗಿಲಿಗೆ ಬರುವವರು ಯಾರೆಂದು ತಿಳಿಯದಿರುವುದೂ ಸರಿಯಲ್ಲವಲ್ಲ? ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಈ ಅಯ್ಯನ ಹಾಡುಗಳನ್ನು ಒಂದೊಂದಾಗಿ ಕೇಳತೊಡಗಿದೆ. ಪದವೂ ಅವರದೇ, ರಾಗವೂ ಅವರದೇ, ಗಿಟಾರೂ ಅವರದೇ ಅಂತೆ. ತಾನೇ ರಾಗಿ ಬೆಳೆದು, ತಾನೇ ಬೀಸಿ, ತಾನೇ ಮುದ್ದೆ ಕಟ್ಟಿ ಬಡಿಸುವವರ ಹಾಗೆ. ನಮ್ಮ ವಚನಗಳಿಗೆ ಕೊನೆಯಲ್ಲಿ ಅಂಕಿತವಿರುತ್ತದೆ, ಬರೆದವರು ಯಾರೆಂದು ಅದರಿಂದ ತಿಳಿಯುತ್ತದೆ. ಇವರ ಹಾಡಿನಲ್ಲಿ ಅಂಥದ್ದೇನೂ ಇಲ್ಲ; ಸಾಲು ಮುಗಿದಲ್ಲಿ ಒಂದು ಉಸಿರು ಕೇಳಿಸುತ್ತದಲ್ಲ, ನನಗೆ ಅದೇ ಅವರ ಅಂಕಿತವೆನಿಸಿತು.

ಫೋನು ಹೊಸದನ್ನು ಮೊದಲು ತೋರಿಸುತ್ತದೆ. ಹಾಗಾಗಿ ನಾನು ಅವರನ್ನು ಮುಪ್ಪಿನಿಂದ ಹಿಂದಕ್ಕೆ ನಡೆಯುತ್ತ ಕಂಡೆ. ಈಗಿನ ಹಾಡುಗಳಲ್ಲಿ ಹಾಡುವುದಕ್ಕಿಂತ ಹೇಳುವುದೇ ಹೆಚ್ಚು. ಜಗಲಿಯಲ್ಲಿ ಕುಳಿತು ಮಾತಾಡುತ್ತ ಮಾತಾಡುತ್ತ ಆ ಮಾತೇ ಎಲ್ಲಿಯೋ ರಾಗಕ್ಕೆ ತಿರುಗಿಬಿಡುತ್ತದೆ. ನಡುವಯಸ್ಸಿನವುಗಳಲ್ಲಿ ಡ್ರಮ್ಮು, ತುತ್ತೂರಿ, ಹಿಂದೆ ಹತ್ತಾರು ದನಿ; ಮಸಾಲೆ ಹೆಚ್ಚಾದ ಸಾರಿನಂತೆ ನನಗೆ ಹಿಡಿಸಲಿಲ್ಲ. ತೀರಾ ಹಳೆಯವುಗಳಲ್ಲಿ ತೆಳುವಾದ, ಅವಸರದ ಹುಡುಗನ ದನಿ. ಒಂದು ಸಂಜೆ ಅದನ್ನೇ ಹಾಕಿದೆ. ಅತ್ತೆ ಮೊರ ಮುಟ್ಟಲಿಲ್ಲ. “ಇವ್ನಲ್ಲ. ಇಂವ ಇನ್ನೂ ಕಲೀತಾವ್ನೆ,” ಎಂದರು. ಸೋಬಾನೆ ಹೇಳಿದವರ ಕಿವಿ ಎಲ್ಲಿಗೂ ಹೋಗಿರಲಿಲ್ಲ.

ಒಂದು ಹಾಡನ್ನು ಪ್ರಾರ್ಥನೆಯೆಂದೇ ತಿಳಿದು ಕೇಳುವಾಗಲೆಲ್ಲ ಕೈ ಮುಗಿಯುತ್ತಿದ್ದೆ. ರಜೆಗೆ ಬಂದ ಶಿಲ್ಪಾ ಬಿದ್ದು ಬಿದ್ದು ನಕ್ಕಳು. “ಅಯ್ಯೋ ಅಮ್ಮ, ಅದು ಸೈಕಲ್ ರಿಪೇರಿಯವ್ನ ಅಂಗಡಿ ಮುಚ್ಚೋಯ್ತು ಅಂತ ಹಾಡಿರದು! ಅವ್ರು ದೇವ್ರನ್ನೇ ನಂಬಕಿಲ್ಲ ಕಣಮ್ಮ.”

ಸೈಕಲ್ಲಿನದು ನನಗೆ ಭಾರವೆನಿಸಲಿಲ್ಲ. ಮುಚ್ಚಿದ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ನೆನೆಯುವವರಿಗೆ ಕೈ ಮುಗಿದರೆ ತಪ್ಪೇನು? ಎರಡನೆಯ ಮಾತು ಮಾತ್ರ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ದೇವರನ್ನು ನಂಬದವರನ್ನು ದೀಪ ಹಚ್ಚಿದ ಹೊತ್ತಿನಲ್ಲಿ ಜಗಲಿಗೆ ಕರೆಯಬಹುದೇ? ಶ್ರಾವಣದಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗಲೂ, ಆ ಮಂಜಿನಲ್ಲಿ ನಿಂತು, ಕೃಷ್ಣನನ್ನು ಇದನ್ನೇ ಕೇಳಿದೆ. ಉತ್ತರ ಬಂದದ್ದು ಮನೆಯಲ್ಲಿ, ರಾಗಿ ಅಳೆದುಕೊಡುವಾಗ. ಇಷ್ಟು ವರ್ಷ ಈ ಬಾಗಿಲಿಗೆ ಎಷ್ಟು ಜನ ಬಂದು ಹಾಡಿದರು. ನೀನು ಯಾವ ದೇವರ ಒಕ್ಕಲು ಎಂದು ಅತ್ತೆ ಒಬ್ಬರನ್ನೂ ಕೇಳಿದ್ದಿಲ್ಲ. ಹಾಡು ಕೇಳಿದರು, ಮೊರ ತಂದರು. ಅಷ್ಟೇ ಅವರ ಶಾಸ್ತ್ರ. ಅಂದಿನಿಂದ ಶಿಲ್ಪಾ ಅರ್ಥ ಹೇಳಲು ಬಂದರೆ, ಒಂದೆರಡು ಹಾಡನ್ನಾದರೂ ನನಗೆ ಹಾಗೇ ಬಿಡು ಎನ್ನುತ್ತೇನೆ.

ಮೊನ್ನೆ ಸಂಜೆ ಗಾಳಿ ಮಳೆ. ಕರೆಂಟು ಹೋಯಿತು, ಟವರೂ ಹೋಯಿತು. ಮೊಬೈಲಿನ ಪರದೆಯ ಮೇಲೆ ಬಳೆಯಂಥದೊಂದು ಗುರುತು ಸುಮ್ಮನೆ ತಿರುಗುತ್ತಿತ್ತೇ ಹೊರತು ದನಿ ಬರಲಿಲ್ಲ. ಅತ್ತೆ ಮೊರದಲ್ಲಿ ರಾಗಿ ಹಿಡಿದು ಹೊಸ್ತಿಲ ಒಳಗೆ ನಿಂತೇ ಇದ್ದರು. “ಅಯ್ಯ ಬರ್ಲಿಲ್ವಾ?” ಸ್ವಲ್ಪ ಹೊತ್ತಾದ ಮೇಲೆ ಮತ್ತೆ, “ಬರ್ಲಿಲ್ವಾ?” ಕೂರಿ ಎಂದರೆ ಕೂರುವುದಿಲ್ಲ. ತಟ್ಟೆ ತೋರಿಸಿದರೆ, “ನೀನ್ಯಾರಮ್ಮಿ ಹೇಳಕ್ಕೆ?” ಎಂದರು.

ನಾನು ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮನೆ ಸುತ್ತಿ ಮುಂಬಾಗಿಲ ಜಗಲಿಗೆ ಬಂದು ನಿಂತೆ. ಹಾಡುವುದು ನನಗೆ ಬಾರದ ವಿದ್ಯೆ. ಸೋಬಾನೆಯಲ್ಲೂ ಹಿಂದಿನ ಸಾಲಿನಲ್ಲಿ ಬಾಯಾಡಿಸಿದವಳು. ಬಾಯಿಗೆ ಬಂದದ್ದು ಸೈಕಲ್ ಅಂಗಡಿಯ ಹಾಡು. ಪದಗಳಿಲ್ಲ, ಕೇಳಿ ಕೇಳಿ ನಾಲಗೆಗೆ ಅಂಟಿದ ನಾಲ್ಕು ಸದ್ದು, ಉಳಿದಲ್ಲಿ ಬರೀ ಗುನುಗು. ಅವರು ಎಲ್ಲಿ ಉಸಿರೆಳೆಯುತ್ತಾರೋ ಅಲ್ಲಿ ಉಸಿರೆಳೆದೆ, ಅದೊಂದು ಮಾತ್ರ ಸರಿಯಾಗಿ ಗೊತ್ತಿತ್ತು. ಎದುರುಮನೆಯವರು ಕಿಟಕಿಯಿಂದ ನೋಡಿದ್ದಾರು. ನೋಡಲಿ.

ಅತ್ತೆ ಕೊನೆಯವರೆಗೆ ಕೇಳಿದರು. ಹೊಸ್ತಿಲ ಬಳಿ ಬಂದು ನಾನೊಡ್ಡಿದ ಸೆರಗಿಗೆ ರಾಗಿ ಸುರಿದರು.

“ಯಾವೂರವ್ವ ನಿಂದು?”

“ಇದೇ ಊರು ಕಣವ್ವ.”

“ಮಳೇಲಿ ನೆಂದ್ಬುಟ್ಟಿದ್ದೀಯಲ್ಲ. ಒಳಿಕ್ ಬಾ. ನನ್ ಸೊಸೆ ಮುದ್ದೆ ಮಾಡವ್ಳೆ, ಚೆಂದಾಗ್ ಮಾಡ್ತಾಳೆ. ಉಂಡ್ಬುಟ್ ಹೋಗು.”

ಕೈ ಹಿಡಿದು ಒಳಗೆ ಕರೆದುಕೊಂಡರು. ನಾನು ರಾಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಅವರ ಎದುರಿಗೆ ಊಟಕ್ಕೆ ಕುಳಿತೆ.