ಮಾರೆಪ್ಪನ ಆರು ತಿಂಗಳ ವೀಸಾ

ಮಗಳ ಮನೆಯಲ್ಲಿ ಪುಕ್ಕಟೆ ಉಣ್ಣಬಾರದು ಎಂಬ ಹಟವೊಂದು ಇಲ್ಲದಿದ್ದರೆ ಮಾರೆಪ್ಪನ ವೀಸಾ ಇಷ್ಟು ರಗಳೆಯಾಗುತ್ತಿರಲಿಲ್ಲ. ತೆಲುಗು ಸೀಮೆಯ ಅಂಚಿನ ಕೌತಾಳಂ ಕಡೆಯ ಈ ಕನ್ನಡ ಮಾತಿನ ಕುರಿಗಾರ, ಹೆಣ್ಣು ಕೊಟ್ಟ ಮನೆಗೆ ಹೋದರೆ ಏನಾದರೊಂದು ಕೆಲಸ ಮಾಡಿಕೊಟ್ಟೇ ಊಟಕ್ಕೆ ಕೂರುವವನು. ಗೋನೆಗಂಡ್ಲದ ಬೀಗರ ಹಿತ್ತಲಿಗೆ ಮದುವೆ ಮುಗಿದ ವಾರದಲ್ಲೇ ಬೇಲಿ ಕಟ್ಟಲು ನಿಂತಿದ್ದ. ಬೇಲಿ ಬೇಡ ಎಂದವರಿಗೆ, ಹಾಗಾದರೆ ಊಟವೂ ಬೇಡ ಎಂದಿದ್ದ.

ಮಗಳು ಶಿರೀಷಾ ಗಂಡನ ಜೊತೆ ನ್ಯೂಜಿಲೆಂಡಿಗೆ ಹೋಗಿ ಅಲ್ಲಿ ನರ್ಸಾಗಿದ್ದಳು. ಈಗ ಬಸುರಿ. ತಾಯಿ ಸತ್ತ ಮೇಲೆ ಜಡೆ ಹೆಣೆಯುವುದರಿಂದ ಹಿಡಿದು ಎಲ್ಲವನ್ನೂ ಅಪ್ಪನೇ ಮಾಡಿ ಬೆಳೆಸಿದ ಹುಡುಗಿ, ಬಾಣಂತನಕ್ಕೂ ನೀನೇ ಬಾ ಎಂದಳು. ಗಂಡಸು ಬಾಣಂತನಕ್ಕೆ ಹೋಗುವುದುಂಟೆ ಎಂದು ಊರ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಎಷ್ಟು ಮರಿ ಹಿಡಿದ ಕೈ ಇದು ಗೊತ್ತಾ ಎಂದು ಮಾರೆಪ್ಪ ಮೀಸೆ ತಿರುವಿದ.

ಆದೋನಿಯಲ್ಲಿ ವೀಸಾ ಮಾಡಿಸಿಕೊಡುವ ಲಕ್ಷ್ಮಿಕಾಂತ್ ಇರುವ ದಾರಿಗಳನ್ನು ಬಿಡಿಸಿ ಹೇಳಿದ. ತಂದೆತಾಯಿಗಳಿಗೆಂದೇ ಒಂದು ವೀಸಾ ಉಂಟು, ಹಲವು ವರ್ಷ ಹೋಗಿ ಬಂದು ಮಾಡಬಹುದು. ಆದರೆ ಅದಕ್ಕೆ ಮಗಳು ಅಲ್ಲೇ ನೆಲೆಸುವ ಅನುಮತಿ ಪಡೆದಿರಬೇಕು. ಶಿರೀಷಾಗೆ ಅದಿನ್ನೂ ಸಿಕ್ಕಿರಲಿಲ್ಲ. ಉಳಿದದ್ದು ಪ್ರವಾಸಿ ವೀಸಾ. ಹೆಚ್ಚು ಕೇಳಿದರೆ ಇವನು ಅಲ್ಲೇ ಉಳಿದುಬಿಟ್ಟಾನು ಎಂಬ ಅನುಮಾನ ಬರುತ್ತದೆ, ಮೂರು ತಿಂಗಳಿಗೆ ಹಾಕೋಣ ಎಂದ.

"ಮೂರು ತಿಂಗಳಿಗೆ ಕೂಸು ಬೋರಲ ಸೈತ ಬೀಳಂಗಿಲ್ಲಪ," ಎಂದ ಮಾರೆಪ್ಪ. "ಅದು ನನ್ನ ಗುರ್ತು ಹಿಡಿಬೇಕು. ಗುರ್ತು ಹತ್ತಲಾರದಂಗ ಬರೋದಾದ್ರ ಯಾಕ ಹೋಗ್ಲಿ?"

ಆರು ತಿಂಗಳಿಗೇ ಅರ್ಜಿ ಹೋಯಿತು. ಯಾರಾದರೂ ಫೋನ್ ಮಾಡಿದರೆ ಮಗಳನ್ನು ನೋಡಲು, ಊರು ನೋಡಲು ಬರುತ್ತೇನೆ, ಮರಳಿ ಹೋಗುತ್ತೇನೆ ಎನ್ನಬೇಕು, ಅಷ್ಟೇ. ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ದುಡಿಯುವಂತಿಲ್ಲ, ಕೆಲಸದ ಮಾತು ಎತ್ತಲೇಬಾರದು ಎಂದು ಲಕ್ಷ್ಮಿಕಾಂತ್ ಗಿಳಿಗೆ ಹೇಳುವಂತೆ ಹೇಳಿಕೊಟ್ಟ.

ಫೋನ್ ಬಂದಾಗ ಮಾರೆಪ್ಪ ಕೆರೆಯ ಅಂಗಳದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ. ಆ ಕಡೆ ಒಬ್ಬ ಅಧಿಕಾರಿ, ನಡುವೆ ಮಾತು ದಾಟಿಸಲು ಒಬ್ಬಳು ತೆಲುಗಿನವಳು. ಆರು ತಿಂಗಳು ಮಗಳ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ್ದೇ ತಡ, ನಮ್ಮವನ ಮಾನಕ್ಕೆ ಪೆಟ್ಟು ಬಿತ್ತು. ನಾನು ಕೂತು ತಿನ್ನುವ ಜನವಲ್ಲ, ನಿಮ್ಮ ದೇಶದಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚಂತೆ, ಕಾಯುವವರಿಲ್ಲದೆ ತಂತಿಬೇಲಿಯೊಳಗೆ ಬಿದ್ದಿರುತ್ತವಂತೆ, ನನ್ನ ಕೈಗೆ ಒಂದು ಕೋಲು ಕೊಡಿ ಎಂದುಬಿಟ್ಟ! ಸಂಬಳ ಎಷ್ಟು ಎಂದು ಆ ಕಡೆಯಿಂದ ತಣ್ಣಗೆ ಪ್ರಶ್ನೆ ಬಂತು. ಮಗಳಿರುವ ಊರಲ್ಲಿ ಸಂಬಳ ಕೇಳುವಷ್ಟು ಕೆಟ್ಟಿಲ್ಲ ಎಂದು ಇವನು ಇನ್ನಷ್ಟು ಬಿಸಿಯಾದ.

ಹಾಗಾದರೆ ನೀವು ಮರಳಿ ಹೋಗುತ್ತೀರೆಂದು ನಂಬುವುದು ಹೇಗೆ ಎಂದು ಕೇಳಿದಾಗ ಅವನಿಗೆ ಕೆಡಿಸಿಕೊಂಡೆ ಎಂದು ತಿಳಿಯಿತು. ಹೇಳಿಕೊಟ್ಟ ಮಾತೊಂದೂ ನೆನಪಾಗದೆ, ತೆಲುಗು ಬಿಟ್ಟು ತನ್ನ ಕನ್ನಡಕ್ಕೇ ಬಿದ್ದ.

"ಆರು ತಿಂಗಳಿಗಿಂತ ಹೆಚ್ಚು ದಿನ ಇರಾಕ ನನಗ ಆಗಂಗಿಲ್ರೀ ಅಮ್ಮಾ. ಕುರಿ ನನ್ನ ದನಿ ಮರ್ತುಬಿಡ್ತಾವ."

ಹೇಳಿದ್ದು ಸಾಲದೆನಿಸಿ ಫೋನನ್ನು ಮೇಲೆತ್ತಿ ಹಿಡಿದು, "ಹುರ್ರ್ಯೋ" ಎಂದು ಉದ್ದಕ್ಕೆ ಕೂಗಿದ. ಗಂಟೆ ಅಲ್ಲಾಡಿಸುತ್ತ, ಬ್ಯಾ ಬ್ಯಾ ಎನ್ನುತ್ತ ಇಡೀ ಹಿಂಡು ಮೈಮೇಲೆ ಬಂತು. ಒಂದು ಟಗರು ಗುಮ್ಮಿ ಫೋನನ್ನೇ ಕೆಡವಿತು. ಎತ್ತಿಕೊಂಡಾಗ ಆ ಕಡೆ ಯಾರೋ ನಗುತ್ತಿದ್ದರು.

ವೀಸಾ ಆರು ತಿಂಗಳಿಗೇ ಬಂತು. ಅಲ್ಲಿ ಬೇರೆಯವರ ಕುರಿ ಮುಟ್ಟುವುದಿಲ್ಲ ಎಂದು ಲಕ್ಷ್ಮಿಕಾಂತ್ ಅವನಿಂದ ಆಣೆ ಮಾಡಿಸಿಕೊಂಡ. ಹಿಂಡನ್ನು ತಮ್ಮ ಯರ್ರೆಪ್ಪನಿಗೆ ಒಪ್ಪಿಸಿ ಮಾರೆಪ್ಪ ಹೊರಟ. ಅಲ್ಲಿ ಬೇಲಿಯಾಚೆ ಕುರಿಗಳು ಕಂಡಾಗಲೆಲ್ಲ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ, ಪಾಪ. ಹುಟ್ಟಿದ ಮೊಮ್ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದ ಮೇಲೆಯೇ ಉಣ್ಣುತ್ತಿದ್ದ. ಕೂಸು ಅತ್ತರೆ ಅವನಿಗೆ ಬೇರೆ ಜೋಗುಳ ಬರುತ್ತಿರಲಿಲ್ಲ, ಅದೇ ಹುರ್ರ್ಯೋವನ್ನು ಮೆಲ್ಲಗೆ ಹೇಳುತ್ತಿದ್ದ. ಇದು ಕೂಸು, ಮರಿಯಲ್ಲ ಎಂದು ಶಿರೀಷಾ ನಗುತ್ತಿದ್ದಳು. ಕೂಸು ಮಾತ್ರ ಸುಮ್ಮನಾಗುತ್ತಿತ್ತು.

ಊರಿಗೆ ಬಂದ ದಿನ ಬೆಳಿಗ್ಗೆಯೇ ಮಾರೆಪ್ಪ ಸೀದಾ ಕೆರೆಯ ಕಡೆ ನಡೆದ. ಕುರಿಗಳು ತನ್ನನ್ನು ಮರೆತಿದ್ದರೆ ಎಂದು ಅವನಿಗೆ ಒಳಗೊಳಗೇ ಅಂಜಿಕೆ. ಅಪ್ಪ ಊರು ಮುಟ್ಟಿದನೋ ಇಲ್ಲವೋ ಎಂದು ಶಿರೀಷಾ ವಿಡಿಯೋ ಕರೆ ಮಾಡಿದ್ದಳು. ಆ ಫೋನ್ ಕೈಯಲ್ಲಿರುವಾಗಲೇ ಅವನು ಕೂಗಿದ. ಕುರಿಗಳು ತಲೆಯೆತ್ತಿದವು, ಓಡಿ ಬಂದವು. ಮಾರೆಪ್ಪ ಗೆದ್ದವನಂತೆ ಮಗಳಿಗೆ ತೋರಿಸಲು ಫೋನ್ ನೋಡಿದರೆ, ಅಲ್ಲಿ ಕೂಸು ಗಿಲಕಿ ಬಿಸಾಡಿ ತೆವಳಿಕೊಂಡು ಫೋನಿನ ಕಡೆಗೇ ಬರುತ್ತಿತ್ತು.

ಅವನು ಅಲ್ಲೇ ಕುರಿಗಳ ನಡುವೆ ಕೂತು ಅತ್ತುಬಿಟ್ಟ. ಮರುದಿನ ಮೊದಲ ಬಸ್ಸಿಗೇ ಆದೋನಿಗೆ ಹೋಗಿ ಲಕ್ಷ್ಮಿಕಾಂತನ ಮುಂದೆ ಕೂತ.

"ಆ ಹೋಗಿ ಬಂದು ಮಾಡೋ ವೀಸಾ ಯಾವಾಗ ಸಿಗ್ತೈತಿ ನೋಡಪ. ನನ್ನ ಹಿಂಡು ಈಗ ಎರಡು ಕಡಿ ಆಗೈತಿ."