ಮಾದರಿ ಪೋಷಕನ ಶಾಲು

ಹೋದ ಶನಿವಾರ ನನಗೊಂದು ಸನ್ಮಾನವಾಯಿತು. ಶಾಲು, ಹಾರ, ಒಂದು ತೆಂಗಿನಕಾಯಿ.

ರಾಯಚೂರಿನ ಬಿಸಿಲಲ್ಲಿ ಮುದುಕನಿಗೆ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂದು ನಾನು ಬೇರೆಯವರ ಸಮಾರಂಭಗಳಲ್ಲಿ ತಮಾಷೆ ಮಾಡಿದ್ದುಂಟು. ನನ್ನ ಸರದಿ ಬಂದಾಗ ಗೊತ್ತಾಯಿತು. ಶಿಕ್ಷೆಯೇ.

ಸನ್ಮಾನ ಯಾತಕ್ಕೆ? ನಾನು 'ಮಾದರಿ ಪೋಷಕ'ನಂತೆ. ನಮ್ಮ ಓಣಿಯ ಹಿಂದಿರುವ ಸರ್ಕಾರಿ ಹೈಸ್ಕೂಲಿನವರು ಹಾಗೆಂದು ತೀರ್ಮಾನಿಸಿದ್ದರು. ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: "ಹಡದ ಅವ್ವ-ಅಪ್ಪನ್ನ ಬಿಟ್ಟು ನಿಮಗ್ಯಾಕ ಹಾರ ಹಾಕ್ತಾರಂತ?" ನಾನು ಮಾತಾಡದೆ ಚಪ್ಪಲಿ ಮೆಟ್ಟಿಕೊಂಡೆ. (ಉತ್ತರ ಗೊತ್ತಿದ್ದಾಗಲೇ ನಾನು ಸುಮ್ಮನಿರುವುದು ಎಂಬುದು ಆಕೆಗೆ ಗೊತ್ತು.)

ಆ ಉತ್ತರವನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ನಮ್ಮದು ಒಂದೇ ಅಂಗಳದ ಎರಡು ಬಾಡಿಗೆ ಮನೆ. ಒಂದರಲ್ಲಿ ನಾವು ಗಂಡ ಹೆಂಡತಿ. ಇನ್ನೊಂದರಲ್ಲಿ ದೇವದುರ್ಗದ ಕಡೆಯ ಅರಕೇರಾದಿಂದ ಬಂದ ದುರ್ಗಮ್ಮನ ಕುಟುಂಬ. ಗಂಡನದು ಗೋಡೆ ಕಟ್ಟುವ ಗೌಂಡಿ ಕೆಲಸ. ದುರ್ಗಮ್ಮ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಮಗಳು ರೇಣುಕಾ ಆ ಹೈಸ್ಕೂಲಿನಲ್ಲಿ ಹತ್ತನೇ ತರಗತಿ. ಉಳಿದ ವಿಷಯಗಳಲ್ಲಿ ಪರವಾಗಿಲ್ಲ, ಗಣಿತ ಎಂದರೆ ಜ್ವರ. ಪಾಸಾದರೆ ಕಾಲೇಜು, ಫೇಲಾದರೆ ತನ್ನ ಪಕ್ಕದ ಒಲೆ ಎಂದು ದುರ್ಗಮ್ಮ ಮಗಳಿಗೆ ಮೊದಲೇ ಹೇಳಿಟ್ಟಿದ್ದಾಳೆ. ಬೆದರಿಸಲಿಕ್ಕೆ ಹೇಳಿದ್ದಲ್ಲ. ಖಾನಾವಳಿಯಲ್ಲಿ ಇನ್ನೊಂದು ಒಲೆ ನಿಜವಾಗಿಯೂ ಖಾಲಿ ಇದೆ.

ಶಾಲೆಯಲ್ಲಿ ಗಣಿತಕ್ಕೆ ಕಾಯಂ ಮಾಸ್ತರರಿಲ್ಲ. ಮಾನ್ವಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಅತಿಥಿ ಶಿಕ್ಷಕಿ ಇದ್ದಾರೆ. ಕ್ಲಾಸುಗಳು ಹೆಚ್ಚು, ಮೇಡಂ ಒಬ್ಬರೇ. ಹಾಗಾಗಿ ಈ ವರ್ಷ ಯಾರೋ ಪುಣ್ಯಾತ್ಮರು ಒಂದು ಆ್ಯಪ್ ಕೊಟ್ಟರು. ದಿನಾ ಸಂಜೆ ಬೆಂಗಳೂರಿನಿಂದ ಒಬ್ಬ ಸರ್ ಫೋನಿನಲ್ಲೇ ಲೈವ್ ಪಾಠ ಮಾಡುತ್ತಾರೆ. ಪಾಠ ಮುಗಿದ ಮೇಲೆ ಕ್ವಿಜ್. ಸರಿ ಉತ್ತರಕ್ಕೆ ಸ್ಟಾರ್.

ಇದೇ ಅಂಕಣದಲ್ಲಿ ನಾನು ಅದನ್ನು ಹಾಡಿ ಹೊಗಳಿದ್ದೆ, ನೆನಪಿದೆಯೇ? ಬೆಂಗಳೂರಿನ ಮಾಸ್ತರರು ಬಸ್ ಚಾರ್ಜಿಲ್ಲದೆ ರಾಯಚೂರಿನ ಅಂಗಳಕ್ಕೇ ಬಂದರು ಎಂದೆಲ್ಲ ಬರೆದಿದ್ದೆ. ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಭೇಷ್ ಎಂದಿದ್ದಿರಿ. ಆ ಭೇಷ್‌ಗಳನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ದುರ್ಗಮ್ಮನ ಮನೆಯಲ್ಲಿರುವುದು ಒಂದು ಫೋನು. ಅದು ಗಂಡನ ಜೊತೆ ಕೆಲಸಕ್ಕೆ ಹೋಗುತ್ತದೆ. ಹೀಗಾಗಿ ಪಾಠ ನನ್ನ ಫೋನಿನಲ್ಲಿ. ಉಪ್ಪಿನಕಾಯಿ ಭರಣಿಗೆ ಅದನ್ನು ಆನಿಸಿ ಇಟ್ಟು, ರೇಣುಕಾ ಮುಂದೆ ಕೂರುತ್ತಿದ್ದಳು, ನಾನು ಪಕ್ಕದಲ್ಲಿ. ಸರ್ ಬಲು ಚೆನ್ನಾಗಿ ಹೇಳುತ್ತಿದ್ದರು, ಸುಳ್ಳು ಯಾಕೆ ಹೇಳಲಿ? ನಡುನಡುವೆ "ಅರ್ಥ ಆಯ್ತಾ ಮಕ್ಕಳೇ?" ಎಂದು ಕೇಳುತ್ತಿದ್ದರು. ರೇಣುಕಾ ಭರಣಿಯ ಕಡೆ ನೋಡಿ ಇಲ್ಲವೆಂದು ತಲೆ ಆಡಿಸುತ್ತಿದ್ದಳು. ಸರ್ "ವೆರಿ ಗುಡ್" ಎಂದು ಮುಂದಕ್ಕೆ ಹೋಗುತ್ತಿದ್ದರು.

ಒಂದು ಸಂಜೆ ಸರಿಯಾಗಿ ಕ್ವಿಜ್ ಹೊತ್ತಿಗೆ ನಳಕ್ಕೆ ನೀರು ಬಂತು. ಇಲ್ಲಿ ನೀರು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರುವುದಿಲ್ಲ. ಬಂದಾಗ ಬಿಟ್ಟರೆ ಮತ್ತೆ ಯಾವಾಗಲೋ. ರೇಣುಕಾ ಕೊಡ ಎತ್ತಿಕೊಂಡು ಓಡುತ್ತಾ, "ತಾತ, ಇವತ್ತೊಂದಿನ ನೀವ ಒತ್ರಿ" ಎಂದಳು.

ಒತ್ತಿದೆ.

ಫೋನಿನ ತುಂಬ ಪಟಾಕಿ ಹಾರಿತು. ಚಪ್ಪಾಳೆ ಸದ್ದು ಕೇಳಿತು. "ಅದ್ಭುತ, ರೇಣುಕಾ!" ಎಂದು ಅಕ್ಷರ ಮೂಡಿತು. ಓದುಗರೇ, ನಾನು ಹತ್ತನೇ ತರಗತಿಗೆ ಓದು ನಿಲ್ಲಿಸಿದವನು. ಗಣಿತಕ್ಕಾಗಿ ನನಗೆ ಬೆತ್ತದ ಏಟು ಬಿದ್ದಿದೆಯೇ ಹೊರತು ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮರುದಿನ ನಳ ಬರಲಿಲ್ಲ. ಆದರೂ ನಾನೇ ಒತ್ತಿದೆ.

ಲೆಕ್ಕ ನನಗೆ ಬರುತ್ತಿತ್ತೆಂದು ತಿಳಿಯಬೇಡಿ. ನನಗೆ ಬರುತ್ತಿದ್ದದ್ದು ಒಂದು ಉಪಾಯ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದಾಗ ತೂಕ ತಾಳೆಯಾಗದಿದ್ದರೆ ಹಿಂದಿನಿಂದ ಲೆಕ್ಕ ಹಾಕುತ್ತಿದ್ದೆವು. ಅದನ್ನೇ ಇಲ್ಲಿ ಮಾಡಿದೆ. ಕೋಣೆಯ ಉದ್ದ ಅಗಲಕ್ಕಿಂತ ಮೂರು ಮೀಟರ್ ಹೆಚ್ಚು, ವಿಸ್ತೀರ್ಣ ನಲವತ್ತು ಚದರ ಮೀಟರ್, ಹಾಗಾದರೆ ಅಗಲವೆಷ್ಟು? ಕೆಳಗೆ ನಾಲ್ಕು ಉತ್ತರ ಇರುತ್ತವೆ. ಅಗಲ ನಾಲ್ಕು ಎಂದು ಹಾಕಿ ನೋಡು, ಆಗಲಿಲ್ಲ. ಐದು ಹಾಕು. ಐದೆಂಟಲ ನಲವತ್ತು. ಪಟಾಕಿ! ಸಮೀಕರಣ ಕಟ್ಟುವ ಗೋಜೇ ಇಲ್ಲ.

ಈ ವಿದ್ಯೆಯನ್ನು ರೇಣುಕಾಳಿಗೂ ಕಲಿಸಿದೆ. ಅವಳಿಗೂ ಖುಷಿಯಾಯಿತು. ಅವಳು ತಪ್ಪು ಒತ್ತುವ ಮುಂಚೆ ನಾನು ಸರಿ ಒತ್ತುತ್ತಿದ್ದೆ. ಸ್ಟಾರುಗಳು ಗುಡ್ಡೆ ಬಿದ್ದವು.

ಅದನ್ನೆಲ್ಲ ನೋಡಿದ ಹೆಂಡತಿ, "ಈ ಸಲ ಪರೀಕ್ಷಾ ನೀವ ಕಟ್ಟೀರೇನು?" ಎಂದು ಒಮ್ಮೆ ಕೇಳಿದಳು. ನಾನು ನಕ್ಕೆ.

ನಗು ನಿಲ್ಲಬೇಕಾದ ಜಾಗ ಇಲ್ಲಿದೆ. ಶಾಲೆಯವರು ಸ್ಟಾರು ನೋಡಿ ಮಕ್ಕಳನ್ನು ಕೆಂಪು, ಹಸಿರು ಎಂದು ವಿಂಗಡಿಸಿದ್ದರು. ಕೆಂಪಿನವರಿಗೆ ಮಾತ್ರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮಾನ್ವಿ ಮೇಡಂ ಸ್ಪೆಷಲ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ರೇಣುಕಾ ಮೊದಲಿಗೆ ಕೆಂಪಿನಲ್ಲಿದ್ದಳು. ಆ ಕ್ಲಾಸಿಗೆ ಹೋಗುತ್ತಾ ಲೆಕ್ಕದ ಒಂದೊಂದೇ ಮೆಟ್ಟಿಲು ಹಿಡಿದುಕೊಳ್ಳುತ್ತಿದ್ದಳು ಕೂಡ. ಪಾತ್ರೆ ತೊಳೆಯುವಾಗ ಬಾಯಲ್ಲೇ ಸೂತ್ರ ಗುನುಗುವುದನ್ನು ನಾನೇ ಕೇಳಿದ್ದೆ. ಈಗ ನನ್ನ ಕೃಪೆಯಿಂದ ಹಸಿರಿಗೆ ಬಡ್ತಿ ಸಿಕ್ಕಿತು. ಬೆಳಗಿನ ಕ್ಲಾಸು ತಪ್ಪಿತು.

ಅವತ್ತು ದುರ್ಗಮ್ಮ ಮಿರ್ಚಿ ಭಜಿ ತಂದು ಅಂಗಳಕ್ಕೆಲ್ಲ ಹಂಚಿದಳು. ರೇಣುಕಾ ಮಾತ್ರ ಭಜಿ ಕೈಯಲ್ಲಿ ಹಿಡಿದುಕೊಂಡೇ ಬಂದು ಮೆಲ್ಲಗೆ ಕೇಳಿದಳು: "ತಾತ, ನಾ ಮೇಡಂಗ ಹೇಳಿ ಮುಂಜಾಲೆ ಕ್ಲಾಸಿಗೆ ಹೋಗ್ಲೇನು?"

"ಹಸಿರಿಗೆ ಬಂದಾಕಿ, ಕೆಂಪಿನವ್ರ ಜೋಡಿ ಹೋಗಿ ಯಾಕ ಕೂಡ್ತಿ?" ಎಂದೆ.

ಕ್ವಿಜ್ ಒತ್ತಿದ್ದನ್ನು ಮುದುಕನ ಚಪಲವೆಂದು ನೀವು ಕ್ಷಮಿಸಬಹುದು. ಈ ಮಾತನ್ನು ಕ್ಷಮಿಸಬೇಡಿ. ಮಗು ತನಗೆ ಬೇಕಾದದ್ದನ್ನು ಸರಿಯಾಗಿ ಕೇಳಿತ್ತು. ನಾನು ನನ್ನ ಸ್ಟಾರು ನೋಡಿಕೊಂಡು ಉತ್ತರ ಕೊಟ್ಟಿದ್ದೆ.

ಈಗ ಶನಿವಾರಕ್ಕೆ ಬರೋಣ. ಇಡೀ ಶಾಲೆಯಲ್ಲಿ ಅತಿ ಹೆಚ್ಚು ಸ್ಟಾರು ರೇಣುಕಾಳದು, ಫೋನು ಕೊಟ್ಟು ದಿನಾ ಪಕ್ಕದಲ್ಲಿ ಕೂತವನು ನಾನು ಎಂದು ಈ ಸನ್ಮಾನ. ಶಾಲು ಬಿತ್ತು, ಹಾರ ಬಿತ್ತು. ಹೆಡ್‌ಮಾಸ್ಟರು ನನ್ನಂಥ ಹಿರಿಯರು ಮನೆಗೊಬ್ಬರಿದ್ದರೆ ಸಾಕು ಎಂದು ಭಾಷಣ ಮಾಡಿದರು. (ಮನೆಗೊಬ್ಬರಿದ್ದರೆ ಆ ಶಾಲೆಯಲ್ಲಿ ಒಬ್ಬರೂ ಪಾಸಾಗುತ್ತಿರಲಿಲ್ಲ.) ಉತ್ಸಾಹದಲ್ಲಿ ಅವರು, ನಮ್ಮ ಸ್ಟಾರ್ ವಿದ್ಯಾರ್ಥಿನಿ ಒಂದು ಲೆಕ್ಕ ಬಿಡಿಸಿ ತೋರಿಸಲಿ ಎಂದರು. ಗಣಿತದ ಮೇಡಂ ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದು ರೇಣುಕಾಳ ಕೈಗೆ ಚಾಕ್‌ಪೀಸ್ ಕೊಟ್ಟರು.

ರೇಣುಕಾ ಲೆಕ್ಕ ಓದಿದಳು. ಚಾಕ್ ಎತ್ತಿದಳು. ಇಳಿಸಿದಳು. ಬೋರ್ಡಿನ ಕೆಳಗೆ ಏನನ್ನೋ ಹುಡುಕಿದಳು. ಕೊನೆಗೆ ತಿರುಗಿ ಕೇಳಿದಳು:

"ಆಪ್ಷನ್ ಏನದಾವ್ರೀ ಮೇಡಂ?"

ಮಕ್ಕಳು ಗೊಳ್ಳೆಂದರು. ಹೆಡ್‌ಮಾಸ್ಟರು ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಅರ್ಧ ದಿನದ ರಜೆ ಹಾಕಿ ಬಂದಿದ್ದ ದುರ್ಗಮ್ಮ ಕೂತಿದ್ದಳು. ಓದು ಬಾರದ ಹೆಣ್ಣುಮಗಳು. ಎಲ್ಲರೂ ನಕ್ಕದ್ದು ನೋಡಿ, ಮಗಳು ಏನೋ ಸರಿಯಾಗಿಯೇ ಹೇಳಿರಬೇಕೆಂದು ಜೋರಾಗಿ ಚಪ್ಪಾಳೆ ತಟ್ಟಿದಳು.

ಶಾಲು ಯಾಕೆ ಶಿಕ್ಷೆ ಎಂದೆ, ಈಗ ತಿಳಿಯಿತಲ್ಲ?

ಕಾರ್ಯಕ್ರಮ ಮುಗಿದ ಮೇಲೆ ಶಾಲು ಮಡಚಿಕೊಂಡು ಮೇಡಂ ಹತ್ತಿರ ಹೋದೆ. ಸ್ಟಾರುಗಳೆಲ್ಲ ನನ್ನವು ಎಂದೆ. ಬೈಯುತ್ತಾರೆಂದು ಕಾದೆ. ಅವರು ಕುರ್ಚಿ ತೋರಿಸಿದರು.

"ಕೂಡ್ರಿ ಯಜಮಾನ್ರ. ನೀವೊಬ್ರ ಅಲ್ಲ ಬಿಡ್ರಿ. ಒಬ್ಬರ ಮನ್ಯಾಗ ಅಣ್ಣ ಒತ್ತತಾನ, ಒಬ್ಬರ ಮನ್ಯಾಗ ಕಾಕಾ ಒತ್ತತಾನ. ಆದ್ರ ನಿಮ್ಮಂಗ ಯಾರೂ ಶಾಲು ಹೊಚ್ಚಿಗಂಡಿಲ್ಲ."

ಆಮೇಲೆ ಬೋರ್ಡಿನ ಮೇಲಿದ್ದ ಅದೇ ಲೆಕ್ಕ ತೋರಿಸಿ, ಸ್ಟಾರ್ ನಿಮ್ಮವಾದರೆ ನೀವಾದರೂ ಬಿಡಿಸಿ ಎಂದರು. ನಾನು ಚಾಕ್ ಹಿಡಿದೆ. ಒಂದು ಹಾಕಿ ನೋಡಿದೆ. ಎರಡು ಹಾಕಿ ನೋಡಿದೆ. ಮೂರು ಹಾಕುವಷ್ಟರಲ್ಲಿ ಮೇಡಂ ತಡೆದರು.

"ಹಿಂಗ ಒಂದೊಂದ ಹಾಕ್ಕೋಂತ ಹೋದ್ರ ಬೆಲ್ ಹೊಡಿತದರಿ. ಪರೀಕ್ಷಾದಾಗ ಉತ್ತರಕ್ಕಿಂತ ದಾರಿಗೆ ಮಾರ್ಕ್ಸ್ ಜಾಸ್ತಿ. ದಾರಿ ತೋರ್ಸ್ರಿ."

ದಾರಿ ನನಗೂ ಗೊತ್ತಿರಲಿಲ್ಲ. ಇಷ್ಟು ತಿಂಗಳ ಪಾಠವನ್ನು ಒಂದು ದಿನವೂ ತಪ್ಪಿಸದೆ ಕೇಳಿದವನು ನಾನು. ಇಡೀ ಶಾಲೆಯಲ್ಲಿ ಅತಿ ಹೆಚ್ಚು ಸ್ಟಾರು ನನ್ನವು. ಆದರೂ ಆ ಬೋರ್ಡಿನ ಮುಂದೆ ರೇಣುಕಾ ನಿಂತ ಹಾಗೆಯೇ ನಿಂತೆ.

ಮೇಡಂ ರೇಣುಕಾಳನ್ನು ಕರೆದು ಸೋಮವಾರದಿಂದ ನೀನು ಕೆಂಪು ಎಂದರು. ಬೈಗುಳ ಕೇಳಲು ತಲೆ ಬಗ್ಗಿಸಿಕೊಂಡು ಬಂದಿದ್ದ ಹುಡುಗಿ ಬಹುಮಾನ ಸಿಕ್ಕಂತೆ ನಕ್ಕಳು.

ದುರ್ಗಮ್ಮನಿಗೆ ಹೇಳುವುದು ಮೇಡಂಗೆ ಹೇಳಿದಷ್ಟು ಸುಲಭವಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೇಳಿದೆ. ಆಕೆ, "ಯಪ್ಪಾ, ಫೋನ್ ನಿಮ್ಮದಂತ ಪಾಸೂ ನೀವ ಆಗ್ಬೇಕೇನು?" ಎಂದಳು. ಸ್ವಲ್ಪ ದೂರ ಹೋದ ಮೇಲೆ ತಾನು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ ಎಂದು ಕೇಳಿದಳು. ನಾನು ತೆಂಗಿನಕಾಯಿ ಆಕೆಯ ಕೈಗೆ ಕೊಟ್ಟೆ. ತೆಗೆದುಕೊಂಡಳು, ಆದರೆ ಎರಡು ದಿನ ನಮ್ಮ ಮನೆಯ ಕಡೆ ನೋಡಲಿಲ್ಲ.

ಹಾಗಾದರೆ ದೂರದ ಪಾಠ ಬೇಡವೇ? ಅಷ್ಟು ಸುಲಭವಾಗಿ ಹೇಳಲಾರೆ. ಅದೇ ಆ್ಯಪಿನಲ್ಲಿ ಹೃದಯ ಹೇಗೆ ಬಡಿಯುತ್ತದೆಂದು ತೋರಿಸುವ ವಿಜ್ಞಾನದ ವೀಡಿಯೊವನ್ನು ರೇಣುಕಾ ಮತ್ತೆ ಮತ್ತೆ ನೋಡಿ, ತನ್ನ ಅವ್ವನಿಗೆ ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ವಿವರಿಸಿದ್ದನ್ನು ಕಂಡಿದ್ದೇನೆ. ಸ್ವಂತ ಫೋನು, ಒಂದು ಕೋಣೆ, ಯಾವಾಗಲೂ ನೀರು ಬರುವ ನಳ ಇರುವ ಮನೆಯ ಮಕ್ಕಳಿಗೆ ಅದು ಇನ್ನೂ ಹೆಚ್ಚು ಉಪಯೋಗಕ್ಕೆ ಬರಬಹುದು. ಆದರೆ ಅಂಥ ಮನೆಯ ಮಕ್ಕಳು ನಮ್ಮ ಓಣಿಯ ಹಿಂದಿನ ಶಾಲೆಗೆ ಬರುವುದಿಲ್ಲವಲ್ಲ? ಮಾಸ್ತರರು ಕಡಿಮೆ ಇರುವ ಶಾಲೆಗೆ ಆ್ಯಪ್ ಬರಲಿ, ಸಂತೋಷ. ಆದರೆ ಆ್ಯಪ್ ಬಂತೆಂದು ಇರುವ ಒಬ್ಬ ಮೇಡಂ ಎದುರಿನಿಂದ ಮಗುವನ್ನು ಎಬ್ಬಿಸಿ ಕಳಿಸಿದರೆ? ಕೈಯಲ್ಲಿ ಚಾಕ್ ನಿಂತುಹೋದದ್ದು ಆ ಮೇಡಂ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನ ಸರ್‌ಗೆ ಕಾಣುವುದು ಪಟಾಕಿ ಮಾತ್ರ. ಅದನ್ನು ಹಚ್ಚಿದವರು ಯಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಪರೀಕ್ಷೆ ಇನ್ನೂ ಮುಂದಿದೆ. ರೇಣುಕಾ ಪಾಸಾಗುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕಳೆದುಕೊಂಡ ಬೆಳಗುಗಳನ್ನು ತುಂಬಿಕೊಡುವ ಉಪಾಯ ನನ್ನಲ್ಲಿಲ್ಲ. ನನ್ನ ಕೈಲಾದದ್ದು ಒಂದೇ. ಈಗ ಸಂಜೆ ನಳ ಬಂದರೆ ಕೊಡ ಹೊರುವವನು ನಾನು. ಕ್ವಿಜ್ ಒತ್ತುವವಳು ಅವಳು. ಬಹಳ ತಪ್ಪು ಒತ್ತುತ್ತಾಳೆ. ಅವೇ ತಪ್ಪುಗಳನ್ನು ಮರುದಿನ ಬೆಳಿಗ್ಗೆ ಮೇಡಂ ಮುಂದೆ ಇಡುತ್ತಾಳೆ.

ನಿನ್ನೆ ಬೆಳಿಗ್ಗೆ ಅವಳು ಸ್ಪೆಷಲ್ ಕ್ಲಾಸಿಗೆ ಹೋದ ಹೊತ್ತಿನಲ್ಲಿ ನನ್ನ ಫೋನಿಗೊಂದು ಮೆಸೇಜ್ ಬಂತು, ಅಳುವ ಮುಖದ ಚಿತ್ರದೊಂದಿಗೆ: "ರೇಣುಕಾ, ನಿಮ್ಮ ಸ್ಟಾರ್‌ಗಳು ಕಡಿಮೆಯಾಗುತ್ತಿವೆ. ನಮ್ಮ ಚಾಂಪಿಯನ್‌ನನ್ನು ನಾವು ತುಂಬಾ ಮಿಸ್ ಮಾಡಿಕೊಳ್ಳುತ್ತಿದ್ದೇವೆ."

ಯಾರನ್ನಪ್ಪಾ ನೀವು ಮಿಸ್ ಮಾಡಿಕೊಳ್ಳುತ್ತಿರುವುದು, ಅವಳನ್ನೋ, ನನ್ನನ್ನೋ?