ಕೋಳಿಗೂಡಿನ ಚಿಲಕ

ಬನಶಂಕರಿಯ ನಮ್ಮ ಬೀದಿಗೆ ಬಣ್ಣದ ಕೋಳಿಮರಿ ಮಾರುವವನು ಸೈಕಲ್ಲಿನಲ್ಲಿ ಬರುತ್ತಿದ್ದ. ತೊಂಬತ್ತರ ದಶಕದ ಕೊನೆಯ ಮಾತು. ಬುಟ್ಟಿಯ ತುಂಬ ಗುಲಾಬಿ, ಹಸಿರು, ನೇರಳೆ ಮರಿಗಳು. ನನ್ನ ಮಗಳಿಗೆ ಆಗ ಆರು ವರ್ಷ, ಮಗನಿಗೆ ನಾಲ್ಕು ತುಂಬಿರಲಿಲ್ಲ. ಇಬ್ಬರೂ ಗೇಟು ಹಿಡಿದುಕೊಂಡು ಅತ್ತರು. ಇಂಥ ಮರಿಗಳು ವಾರಕ್ಕಿಂತ ಹೆಚ್ಚು ಬದುಕುವುದಿಲ್ಲವೆಂದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಧೈರ್ಯದ ಮೇಲೆ ನಾಲ್ಕು ಮರಿ ಕೊಂಡೆ.

ಅವು ಸಾಯಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬದೊಳಗೆ, ಬಲ್ಬಿನ ಕೆಳಗೆ ಕೂತು ನುಚ್ಚು ತಿಂದವು. ಬಣ್ಣ ಹೋಗಿ ಬಿಳಿ ಗರಿ ಬಂತು. ಡಬ್ಬ ಸಾಲದಾದಾಗ ಹಿತ್ತಲಿಗೆ ಬಿಟ್ಟೆವು. ಬಿಟ್ಟ ಹೊಸತರಲ್ಲೇ ಹದ್ದೊಂದು ಬಂದು, ಮಕ್ಕಳು ನೋಡುತ್ತಿರುವಾಗಲೇ, ಒಂದನ್ನು ಎತ್ತಿಕೊಂಡು ಹೋಯಿತು. ಮಗಳು ಸಂಜೆಯವರೆಗೆ ಅತ್ತಳು. ಮಗ ಅಳಲಿಲ್ಲ. ಆಕಾಶ ನೋಡುತ್ತ ನಿಂತು, "ಯಾವಾಗ ವಾಪಸ್ ತಂದ್ಕೊಡತ್ತೆ?" ಎಂದು ಕೇಳಿದ.

ಹದ್ದಿಗಿಂತ ದೊಡ್ಡ ತೊಂದರೆ ಪಕ್ಕದ ಖಾಲಿ ಸೈಟಿನಲ್ಲಿತ್ತು. ಅಲ್ಲಿ ಪಾರ್ಥೇನಿಯಂ ಗಿಡಗಳ ನಡುವೆ ಒಂದು ಮುಂಗುಸಿ ಸಂಸಾರ ಮಾಡಿಕೊಂಡಿತ್ತು. ಬೆಳಿಗ್ಗೆ ಮುಂಗುಸಿ ಕಂಡರೆ ಶುಭವೆಂದು ನಮ್ಮ ಅತ್ತೆ ಕಾಂಪೌಂಡಿನ ಮೇಲಿಂದ ಅದಕ್ಕೆ ಕೈಮುಗಿಯುತ್ತಿದ್ದರು. ಕೋಳಿ ಹಿತ್ತಲಿಗೆ ಬಂದ ಮೇಲೆ ಮೊದಲು ಕೈಮುಗಿದು ಆಮೇಲೆ ಕಲ್ಲು ಹೊಡೆಯುತ್ತಿದ್ದರು.

ನನ್ನ ಗಂಡ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದರು. ಯಾವ ವಸ್ತುವನ್ನು ನೋಡಿದರೂ ಅದು ಎಲ್ಲೆಲ್ಲಿ ಮುರಿಯಬಹುದೆಂದು ಮೊದಲು ಯೋಚಿಸುವ ಮನುಷ್ಯ. ಮನೆ ಕಟ್ಟಿಸಿದಾಗ ಉಳಿದಿದ್ದ ಹಲಗೆಗಳನ್ನು ತೆಗೆದು, ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟು, ತಮ್ಮ ಎದೆಯೆತ್ತರದ ಗೂಡು ಕಟ್ಟಿದರು. ಮುಂಗುಸಿ ಕೆಳಗಿನಿಂದ ತೋಡಿ ಬರಬಾರದೆಂದು ನೆಲದೊಳಗೂ ತಂತಿ ಜಾಲರಿ ಹಾಸಿದರು. ಮೂರು ಕಡೆ ಹಲಗೆ, ಮುಂದೆ ಬಾಗಿಲು, ಬಾಗಿಲ ಮೇಲ್ಭಾಗದಲ್ಲಿ ಗಾಳಿಗೆ ಜಾಲರಿ, ಬಿಸಿಲು ತಡೆಯಲು ಅದರ ಮೇಲೆ ಗೋಣಿತಾಟು. ಹೊರಗಡೆ ಕಬ್ಬಿಣದ ಚಿಲಕ. ಎದುರು ಮನೆಯ ನಿವೃತ್ತ ಮೇಷ್ಟ್ರು ಬಂದು ಸುತ್ತಲೂ ನೋಡಿ, "ಚೆನ್ನಾಗಿದೆ. ಬಾಡಿಗೆಗೆ ಕೊಡೋದಾದ್ರೆ ಹೇಳಿ" ಎಂದರು.

ಗೂಡು ಮುಗಿದ ದಿನ ನನ್ನ ಗಂಡ ಮನೆಯವರನ್ನೆಲ್ಲ ಅದರ ಮುಂದೆ ನಿಲ್ಲಿಸಿದರು. "ಯಾರೇ ಈ ಕಡೆ ಓಡಾಡ್ಲಿ, ಚಿಲಕ ತೆಗ್ದಿದ್ರೆ ಹಾಕ್ಬೇಕು. ಕೇಳೋದು ಗೀಳೋದು ಬೇಡ, ಸುಮ್ನೆ ಹಾಕೋದು. ಆಮೇಲೆ, ಗೂಡಿನ ಹತ್ರ ಯಾರೂ ಗಲಾಟೆ ಮಾಡ್ಬಾರ್ದು. ಕೋಳಿ ಎಲ್ಲಿದೆ ಅಂತ ಮುಂಗುಸಿಗೆ ಗೊತ್ತಾಗತ್ತೆ." ಈ ಎರಡನೆಯ ನಿಯಮ ಮಕ್ಕಳು ಕೋಳಿಗಳನ್ನು ಗೋಳು ಹೊಯ್ದುಕೊಳ್ಳದಿರಲಿ ಎಂದು ಮಾಡಿದ್ದು. ಮುಂಗುಸಿಗೆ ಎಲ್ಲ ಮೊದಲೇ ಗೊತ್ತಿತ್ತು.

ನಾವು ನಿಯಮ ಪಾಲಿಸಿದೆವು. ಕೋಳಿಗಳು ದಪ್ಪಗಾದವು. ಒಂದು ಹುಂಜವಾಯಿತು, ಎರಡು ಹೇಂಟೆಗಳಾದವು.

ಒಂದು ಮಧ್ಯಾಹ್ನ ನಾನು ಮಹಡಿಯ ಮೇಲೆ ಬಟ್ಟೆ ಹರವಿ ಕೆಳಗೆ ಬಂದಾಗ ಮಗ ಕಾಣಲಿಲ್ಲ. ಮಂಚದ ಕೆಳಗೆ, ಬಾಗಿಲ ಹಿಂದೆ, ಬಚ್ಚಲಲ್ಲಿ ನೋಡಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. "ಇಲ್ಲೇ ಇದ್ನಲ್ಲ" ಎಂದರು. ಹಿತ್ತಲಿಗೆ ಹೋಗಿ ಕೂಗಿದೆ. ಗೂಡಿನತ್ತಲೂ ನೋಡಿದೆ. ಚಿಲಕ ಹಾಕಿತ್ತು. ಹೊರಗಿನಿಂದ ಚಿಲಕ ಹಾಕಿದ ಕಡೆ ಹುಡುಕುವುದೇನು ಎಂದುಕೊಂಡು ಮುಂದೆ ಹೋದೆ. ಗೇಟು ಸ್ವಲ್ಪ ತೆರೆದಿತ್ತು.

ಬೀದಿಯ ಎರಡೂ ತುದಿಗಳವರೆಗೆ ಓಡಿದೆ. ಮೇಷ್ಟ್ರು ಪಂಚೆಯ ಮೇಲೇ ಸ್ಕೂಟರ್ ಹತ್ತಿ ಬಸ್ ಸ್ಟಾಪಿನ ಕಡೆ ಹೋದರು. ನಾನು ಮನೆಗೆ ವಾಪಸು ಬಂದಾಗ ಅತ್ತೆ ಅಂಗಳದಲ್ಲಿ ನಿಂತು ನೆಲ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಸಂಪಿನ ಮುಚ್ಚಳವನ್ನು. ಮುಚ್ಚಳ ಮುಚ್ಚಿತ್ತು. ಅದನ್ನು ಎತ್ತುವುದಕ್ಕೆ ದೊಡ್ಡವರೇ ಎರಡೂ ಕೈ ಹಾಕಬೇಕು, ಅವನಿಂದ ಆಗುವ ಕೆಲಸವೇ ಅಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಆದರೂ ಎತ್ತಿದೆವು. ಹಿಂದಿನ ದಿನವಷ್ಟೇ ನೀರು ಬಂದು ಸಂಪು ತುಂಬಿತ್ತು. ಬಟ್ಟೆ ಒಣಹಾಕುವ ಬಿದಿರು ಕೋಲನ್ನು ಇಳಿಬಿಟ್ಟು ನಾನು ಒಂದೊಂದೇ ಮೂಲೆ ಆಡಿಸಿದೆ. ಕೋಲು ಪ್ರತಿ ಸಲ ಸಿಮೆಂಟಿಗೆ ತಗುಲಿ ಟಕ್ಕೆಂದಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಅತ್ತೆ ನನ್ನ ಸೀರೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ನಾನೂ ಬಿದ್ದುಬಿಡುತ್ತೇನೆ ಎನ್ನುವಂತೆ.

ಮೇಷ್ಟ್ರು ಬಂದು ತಲೆಯಾಡಿಸಿದರು. "ಸ್ಟೇಷನ್ನಿಗೆ ಹೋಗೋಣ, ಒಂದು ಫೋಟೋ ತಗೊಳ್ಳಿ" ಎಂದರು. ನಾನು ಒಳಗೆ ಹೋಗಿ ಆಲ್ಬಮ್ ತೆಗೆದೆ. ಒಂದು ಫೋಟೋದಲ್ಲೂ ಅವನು ನೆಟ್ಟಗೆ ಕ್ಯಾಮೆರಾ ನೋಡಿರಲಿಲ್ಲ.

ಅಷ್ಟರಲ್ಲಿ ಮಗಳ ಸ್ಕೂಲ್ ಆಟೋ ಬಂತು. ಅವಳು ಬಂದವಳು ನಮ್ಮ ಯಾರ ಮುಖವನ್ನೂ ನೋಡದೆ, ಚೀಲ ಎಸೆದು, ಡಬ್ಬಿಯಲ್ಲಿ ಉಳಿದ ಚಪಾತಿ ಹಾಕಲು ಸೀದಾ ಹಿತ್ತಲಿಗೆ ಹೋದಳು. ಎಂದಿನ ದನಿಯಲ್ಲೇ ಅಲ್ಲಿಂದ ಕೂಗಿದಳು: "ಅಮ್ಮ, ಇವನ್ಯಾಕೆ ಗೂಡಲ್ಲಿದಾನೆ?"

ಅವನು ಕೋಳಿಗಳು ಕೂರುವ ಅಡ್ಡಹಲಗೆಯ ಕೆಳಗೆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೈಯಲ್ಲಿ ಸಾರಿನ ಸೌಟು. ತಲೆಯ ಮೇಲೆ ಪುಕ್ಕ, ಹೆಗಲ ಮೇಲೆ ಹಿಕ್ಕೆ. ಒಂದು ಹೇಂಟೆ ಅವನ ತೊಡೆಗೆ ಒರಗಿ ಕಣ್ಣು ಮುಚ್ಚಿತ್ತು. ನಾನು ಎಳೆದು ಎತ್ತಿಕೊಂಡೆ. ಮೈಯೆಲ್ಲ ಬೆವೆತಿತ್ತು.

"ಮುಂಗುಸಿ ಬರ್ಲಿಲ್ಲ" ಎಂದ.

"ಅಷ್ಟು ಕೂಗಿದ್ನಲ್ಲೋ, ಯಾಕೆ ಮಾತಾಡ್ಲಿಲ್ಲ?"

"ಇಲ್ಲಿ ಗಲಾಟೆ ಮಾಡ್ಬಾರ್ದು ಅಂತ ಅಪ್ಪ ಹೇಳಿದಾರೆ."

ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಚಿಲಕ ನಾನೇ ಹಾಕಿದ್ದು" ಎಂದರು. "ತೆಗ್ದಿತ್ತು, ಹಾಕ್ದೆ. ಬಕೆಟ್ ಬೋರಲು ಬಿದ್ದಿತ್ತು, ತಗೊಂಡ್ಹೋಗಿ ಬಚ್ಚಲಲ್ಲಿಟ್ಟೆ." ಬಕೆಟ್ ಬಿದ್ದಿರಲಿಲ್ಲ. ಚಿಲಕ ಎಟುಕಲೆಂದು ಅವನೇ ಬೋರಲು ಹಾಕಿ ಹತ್ತಿದ್ದ.

ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಎಲ್ಲರೂ ಹೇಳಿದಂತೆಯೇ ಮಾಡಿದ್ದರು. ನಾನು ಅವನಿಗೆ ಸ್ನಾನ ಮಾಡಿಸಿದೆ, ಆಮೇಲೆ ಬಚ್ಚಲ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಸಂಜೆ ನನ್ನ ಗಂಡ ಬಂದು ಎಲ್ಲ ಕೇಳಿದರು. ಕಾಫಿ ಕುಡಿಯಲಿಲ್ಲ. ಮಗನ ತಲೆಯನ್ನು ಒಂದು ಸಲ ಮುಟ್ಟಿ, ಟಾರ್ಚು ಹಿಡಿದು ಗೂಡಿಗೆ ಹೋದರು. "ಒಳಗಿಂದ ತೆಗೆಯೋ ಹಾಗಿರ್ಬೇಕಿತ್ತು" ಎಂದರು. "ಅದನ್ನ ನಾನು ಯೋಚ್ನೆ ಮಾಡ್ಲಿಲ್ಲ." ಚಿಲಕಕ್ಕೆ ನೈಲಾನ್ ದಾರ ಕಟ್ಟಿ, ಹಲಗೆಯಲ್ಲಿ ತೂತು ಕೊರೆದು ಒಳಗೆ ಇಳಿಬಿಟ್ಟರು. ಎಳೆದರೆ ಚಿಲಕ ಮೇಲೇಳುತ್ತಿತ್ತು.

ಎಳೆಯಬಹುದೆಂಬುದನ್ನು ಹುಂಜ ಬೇಗ ಕಂಡುಕೊಂಡಿತು. ಒಂದು ಬೆಳಿಗ್ಗೆ ಬಾಗಿಲು ತೆರೆದಿತ್ತು. ಹುಂಜ ಕಾಂಪೌಂಡಿನ ಮೇಲಿತ್ತು, ಒಂದು ಹೇಂಟೆ ಸೀಬೆ ಮರದಲ್ಲಿತ್ತು. ಇನ್ನೊಂದರ ಗರಿಗಳು ಸೈಟಿನವರೆಗೆ ಚೆಲ್ಲಿದ್ದವು. ಮಗಳು ಶಾಲೆಗೆ ಹೋಗಲಿಲ್ಲ. ಮಗ, "ನಾನು ಒಳಗಿದ್ದಿದ್ರೆ?" ಎಂದು ಕೇಳಿದ.

ನನ್ನ ಗಂಡ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಲು ಹೊರಟರು. ನಾನು ಬಿಡಲಿಲ್ಲ. "ಕೋಳಿ ಹೋದ್ರೆ ಹೋಗ್ಲಿ, ದಾರ ಇರ್ಲಿ" ಎಂದೆ.

ಅವರು ಕತ್ತರಿ ಒಳಗಿಟ್ಟು, ಚಿಲಕಕ್ಕೆ ಒಂದು ತುಂಡು ಕಬ್ಬಿಣ ಬಿಗಿದರು. ಹುಂಜಕ್ಕೆ ಎಳೆಯಲಾಗಬಾರದು, ನಾಲ್ಕು ವರ್ಷದ ಮಗುವಿಗೆ ಎಳೆಯಲಾಗಬೇಕು. ಆ ಭಾರ ಸಿಗುವವರೆಗೆ ಮಗನನ್ನು ಒಳಗೆ ಕೂರಿಸಿ ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಅವನು ಪ್ರತಿ ಸಲವೂ ಗಂಭೀರವಾಗಿ ದಾರ ಎಳೆದು ಹೊರಗೆ ಬಂದು, ಮತ್ತೆ ಒಳಗೆ ಹೋಗಲು ನಿಂತ. ಮಗಳೂ ಸಾಲಿನಲ್ಲಿ ನಿಂತಳು. ಮುಂಗುಸಿ ಆಮೇಲೆ ಬಹಳ ಸಲ ಗೂಡಿನ ಸುತ್ತ ತೋಡಿತು, ಒಳಗೆ ಮಾತ್ರ ಹೋಗಲಾಗಲಿಲ್ಲ.

ಆ ಮಧ್ಯಾಹ್ನದ ನಂತರ ಅತ್ತೆ ಚಿಲಕ ಹಾಕುವ ಮೊದಲು, ಮಂಡಿನೋವಿನಲ್ಲೂ ಕಷ್ಟಪಟ್ಟು ಬಗ್ಗಿ, ಗೂಡಿನೊಳಗೆ ತಲೆ ಹಾಕಿ, "ಯಾರಾದ್ರೂ ಇದೀರಾ?" ಎಂದು ಕೇಳುತ್ತಿದ್ದರು. ಕೋಳಿಗಳು ಏನಾದರೂ ಸದ್ದು ಮಾಡುತ್ತಿದ್ದವು. ಅವರು, "ನೀವಲ್ಲ" ಎಂದು ಹೇಳಿ, ಇನ್ನೊಂದು ಸಲ ಕೇಳಿ, ಆಮೇಲೆ ಹಾಕುತ್ತಿದ್ದರು.